ಮೋಡಣ್ಣ ಬರೆದ ಚರಿತ್ರೆ

ಹಾರಾಟ ಕಲಿಸುವ ಮೀಸೆ ಮೇಷ್ಟ್ರು ಶಟಲ್ ಆಡುವಾಗ ಕಾಲು ಜಾರಿ ಬಿದ್ದರು. ಬಿದ್ದವರು ಅವರು, ಉಳುಕಿದ್ದು ಅವರ ಬಲಗೈ ಮಣಿಕಟ್ಟು. ಆದರೆ ಬೆಳಗಾಗುವಷ್ಟರಲ್ಲಿ ಅದರ ನೋವು ಬಂದು ಕೂತದ್ದು ಮೋಡಣ್ಣನ ಕುತ್ತಿಗೆಯ ಮೇಲೆ.

ಮೋಡಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಗಿಡುಗ ದಳ ಎಂಬ ವಿಮಾನದಳದಲ್ಲಿ ಹವಾಮಾನ ಹೇಳುವ ಕೆಲಸ ಅವನದು. ದಿನಾ ಬೆಳಿಗ್ಗೆ ಗಾಳಿ ಎತ್ತ ಬೀಸುತ್ತದೆ, ಮೋಡ ಎಷ್ಟು ಎತ್ತರದಲ್ಲಿದೆ, ಮಳೆ ಬರುತ್ತದೋ ಇಲ್ಲವೋ ಎಂದು ಕರಿಹಲಗೆಯ ಮೇಲೆ ಬರೆದಿಡುತ್ತಿದ್ದ. ಅವನು ಲೆಕ್ಕ ತಪ್ಪುತ್ತಿರಲಿಲ್ಲ. ಮೋಡವೇ ತಪ್ಪುತ್ತಿತ್ತು. ಮೋಡ ಯಾರ ಮಾತು ಕೇಳುತ್ತದೆ ಎಂಬುದು ಮೋಡವನ್ನು ಮಾಡಿದವನಿಗೆ ಮಾತ್ರ ಗೊತ್ತು, ಅವನು ಕರಿಹಲಗೆಯ ಮೇಲೆ ಬರೆಯುವುದಿಲ್ಲ. ಹೀಗಾಗಿ ಮೋಡಣ್ಣ 'ಆಕಾಶ ಶುಭ್ರ' ಎಂದು ಬರೆದ ದಿನ ಇಡೀ ದಳ ಕೊಡೆ ಹಿಡಿದು ಬರುತ್ತಿತ್ತು. 'ಮಳೆ' ಎಂದು ಬರೆದ ದಿನ ಅಡುಗೆಯವರು ತೃಪ್ತಿಯಿಂದ ಮೆಣಸಿನಕಾಯಿ ಒಣಗಿಸಲು ಹಾಕುತ್ತಿದ್ದರು.

ಅಂದು ಅವನು 'ಆಕಾಶ ಶುಭ್ರ' ಎಂದು ಬರೆದು ಸೀಮೆಸುಣ್ಣದ ಕೈ ಝಾಡಿಸಿಕೊಳ್ಳುತ್ತಿರುವಾಗಲೇ ಕಮಾಂಡರ್ ಸಾಹೇಬರಿಂದ ಕರೆ ಬಂತು.

"ಬನ್ನಿ ಮೋಡಣ್ಣ. ಇವತ್ತು ಏನು ದಿನ ಗೊತ್ತಲ್ಲ?"

"ದಳದ ದಿನ ಸಾರ್."

"ಸಾಯಂಕಾಲ ಸಭೆ. ದಳದ ಚರಿತ್ರೆ ಓದಬೇಕು. ಮೀಸೆ ಮೇಷ್ಟ್ರು ಬರೀತೀನಿ ಅಂದಿದ್ರು. ಈಗ ನೋಡಿದ್ರೆ ಕೈಗೆ ಪಟ್ಟಿ ಕಟ್ಕೊಂಡು ಕೂತಿದ್ದಾರೆ. ನೀವು ಬರೀರಿ."

"ನಾನಾ? ಸಾರ್, ನಾನು ಹವಾಮಾನ..."

"ಅದಕ್ಕೇ ಹೇಳ್ತಿರೋದು. ನಾಳೆ ಏನಾಗತ್ತೆ ಅಂತ ಹೇಳೋಕೆ ನಿಮ್ಮ ಕೈಲಿ ಒಂದು ದಿನಾನೂ ಆಗಿಲ್ಲ. ನಿನ್ನೆ ಏನಾಯ್ತು ಅಂತಾನಾದ್ರೂ ಹೇಳಿ."

ಮೋಡಣ್ಣ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಸಾಹೇಬರ ಮೇಜಿನ ಮೇಲೆ ಬಿತ್ತು, ಬಾಯಿ ತಾನಾಗಿ ಮುಚ್ಚಿಕೊಂಡಿತು. ಅಲ್ಲಿ ಹಳೆಯ ಪಿಸ್ಟನ್ ತುಂಡೊಂದರ ಅಡಿಯಲ್ಲಿ ಅವನ ವರ್ಗಾವಣೆಯ ಅರ್ಜಿ ಮಲಗಿತ್ತು. ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಮಗಳೂ ಅವಳ ಜೊತೆ. ಆ ಊರಿನ ವಿಮಾನನಿಲ್ದಾಣದಲ್ಲಿ ಹವಾಮಾನದ ಜಾಗ ಖಾಲಿಯಾಗಿತ್ತು. ಒಂದು ಸಹಿ ಬಿದ್ದರೆ ಸಾಕು, ಸಂಸಾರ ಒಂದಾಗುತ್ತಿತ್ತು. ಹಿಂದೆ ರಜೆ ಸಿಗದಾಗಲೆಲ್ಲ ಅವನು ಅದನ್ನು ಹೇಳಲಾರದೆ, ಫೋನಿನಲ್ಲಿ ಮಗಳಿಗೆ 'ಆಕಾಶ ಶುಭ್ರ' ಎಂದಷ್ಟೇ ಹೇಳಿ ಇಡುತ್ತಿದ್ದ. ಶಾಲೆಯಲ್ಲಿ 'ನನ್ನ ಕುಟುಂಬ' ಎಂದು ಚಿತ್ರ ಬರೆಯಲು ಹೇಳಿದಾಗ ಮಗಳು ಅಮ್ಮನನ್ನು ಬರೆದು, ತನ್ನನ್ನು ಬರೆದು, ಪಕ್ಕದಲ್ಲಿ ಒಂದು ಮೊಬೈಲ್ ಫೋನು ಬರೆದು ಅದಕ್ಕೆ ಮೀಸೆ ಇಟ್ಟಿದ್ದಳು. ಆ ಚಿತ್ರ ನೋಡಿದಂದಿನಿಂದ ಮೋಡಣ್ಣನಿಗೆ ಊಟ ಸೇರುತ್ತಿರಲಿಲ್ಲ.

ಸಾಹೇಬರು ಪಿಸ್ಟನ್ ತುಂಡನ್ನು ಒಂದು ಬೆರಳಿನಿಂದ ತಟ್ಟಿದರು.

"ಚರಿತ್ರೆ ಚೆನ್ನಾಗಿ ಬಂದ್ರೆ ಸಾಯಂಕಾಲವೇ ಸಹಿ. ಸೇತುವೆ ದಾಳಿ ಜೋರಾಗಿರಲಿ. ಆ ದಿನದವರಲ್ಲಿ ಬದುಕಿರೋದು ಒಬ್ಬರೇ ಅಂತೆ, ಅವರೇ ಮುಖ್ಯ ಅತಿಥಿ. ಮುಖ್ಯ ಕಚೇರಿಯವರು ಹುಡುಕಿ ಕಳಿಸ್ತಿದ್ದಾರೆ. ಅವರ ಕಣ್ಣಲ್ಲಿ ನೀರು ಬರಬೇಕು, ಗೊತ್ತಾಯ್ತಾ?"

"ಆಯ್ತು ಸಾರ್."

"ಅಂದಹಾಗೆ, ಇವತ್ತು ಮಳೆ?"

"ಇಲ್ಲ ಸಾರ್. ಆಕಾಶ ಶುಭ್ರ."

ಸಾಹೇಬರು ಫೋನೆತ್ತಿ, "ಕುರ್ಚಿಗಳ ಮೇಲೆ ಟಾರ್ಪಾಲು ಕಟ್ಟಿಸಿ, ದಪ್ಪದ್ದು," ಎಂದರು.

ಗಿಡುಗ ದಳ ಒಂದು ಕಾಲಕ್ಕೆ ಯುದ್ಧ ಮಾಡಿದ, ಶತ್ರುವಿನ ಸೇತುವೆಯೊಂದನ್ನು ಬಾಂಬು ಹಾಕಿ ಒಡೆಯಿತೆಂದು ಹೆಸರಾದ ದಳ. ಗೇಟಿನ ಹತ್ತಿರ ಕಂಬದ ಮೇಲೆ ಆ ಕಾಲದ ಯುದ್ಧವಿಮಾನ ಒಂದು ನಿಂತಿದೆ. ಮೂಗಿನೊಳಗೆ ಪಾರಿವಾಳಗಳು ಸಂಸಾರ ಹೂಡಿವೆ. ಕಾಲಿನಲ್ಲಿ ಮುರಿದ ಸೇತುವೆಯನ್ನು ಹಿಡಿದ ಗಿಡುಗ ದಳದ ಲಾಂಛನ. ಈಗ ಅಲ್ಲಿ ಯುದ್ಧವಿಲ್ಲ, ಪಾಠ. ಪುಟ್ಟ ಪುಟ್ಟ ಹಳದಿ ವಿಮಾನಗಳಲ್ಲಿ ಹುಡುಗ ಹುಡುಗಿಯರು ಹಾರುವುದನ್ನು ಕಲಿಯುತ್ತಾರೆ. ಯುದ್ಧದ ದಳ ಪಾಠಶಾಲೆ ಆದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಎಲ್ಲರೂ ಕಂಬದ ಮೇಲಿನ ವಿಮಾನವನ್ನು ತೋರಿಸಿ ಮಾತು ಬದಲಾಯಿಸುತ್ತಿದ್ದರು.

ಮೋಡಣ್ಣ ಹಳೆಯ ಕಾಗದಪತ್ರದ ಕೋಣೆಗೆ ಹೋದ. ಬಾಗಿಲು ತೆರೆದರೆ ಗೆದ್ದಲು ಓದಿ ಮುಗಿಸಿದ ಚರಿತ್ರೆ ಮಣ್ಣಾಗಿ ಕಾಲ ಮೇಲೆ ಸುರಿಯಿತು. ಇನ್ನು ಉಳಿದದ್ದು ಕ್ಯಾಂಟೀನಿನ ಸ್ಪ್ಯಾನರಜ್ಜ. ಒಂದು ಕಾಲದಲ್ಲಿ ವಿಮಾನದ ಎಂಜಿನು ಬಿಚ್ಚಿ ಜೋಡಿಸುತ್ತಿದ್ದವನು, ನಿವೃತ್ತನಾದ ಮೇಲೆ ಅಲ್ಲೇ ಚಹಾ ಕಾಸುತ್ತಿದ್ದ. ಚಹಾವನ್ನೂ ಎಂಜಿನ್ ಆಯಿಲಿನ ಬಣ್ಣ ಬರುವವರೆಗೆ ಬಿಡುತ್ತಿರಲಿಲ್ಲ.

"ಅಜ್ಜಾ, ಸೇತುವೆ ದಾಳಿ ಬಗ್ಗೆ ಏನಾದ್ರೂ ಗೊತ್ತಾ?"

ಅಜ್ಜ ಲೋಟ ಕುಕ್ಕಿದ. "ಸೇತುವೇನೂ ಇಲ್ಲ, ಗೀತುವೇನೂ ಇಲ್ಲ. ನಾನು ಸೇರಿದಾಗ ನಮ್ಮ ಹಿರೇ ಮೇಸ್ತ್ರಿ ಹೇಳಿದ್ದು ಕೇಳು. ಅವತ್ತು ಬೆಳಿಗ್ಗೆ ಹೊರಟವರು ಮೋಡದೊಳಗೆ ನುಗ್ಗಿದ್ರಂತೆ. ಆಮೇಲೆ ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗ್ಲಿಲ್ಲ. ಸುತ್ತಿ ಸುತ್ತಿ ಸಾಕಾಗಿ, ಬಾಂಬೆಲ್ಲ ಒಂದು ಕೆರೆಗೆ ಹಾಕಿ ಬಂದ್ರು. ಆ ಊರಿನವರಿಗೆ ವಾರವೆಲ್ಲ ಮೀನೋ ಮೀನು."

"ಹಾಗಾದ್ರೆ ಸೇತುವೆ?"

"ಅದು ಹಿಂದಿನ ದಿನವೇ ಪ್ರವಾಹಕ್ಕೆ ಕೊಚ್ಕೊಂಡು ಹೋಗಿತ್ತು. ಪೇಪರಿನವರು ಎರಡನ್ನೂ ಸೇರಿಸಿ ಬರೆದ್ರು, ಇವರು ಸುಮ್ಮನಿದ್ರು. ಮೇಲಿನವರಿಗೆ ಮಾತ್ರ ನಿಜ ಗೊತ್ತಿತ್ತು. 'ಇವರು ಎಲ್ಲಿಗೂ ಹೋಗೋದು ಬೇಡ, ಇಲ್ಲೇ ಕೂತು ಕಲೀಲಿ' ಅಂತ ಆರ್ಡರ್ ಬಂತು. ಕಲೀತಾ ಕಲೀತಾ ಹಾಗೇ ಕಲಿಸೋಕೆ ಶುರು ಮಾಡಿದ್ರು. ಪಾಠಶಾಲೆ ಆಯ್ತು. ಚಹಾ ಕುಡಿ, ಆರತ್ತೆ."

ಮೋಡಣ್ಣನಿಗೆ ಚಹಾದ ಜೊತೆ ಜೀವವೂ ಆರಿತು. ಸತ್ಯ ಬರೆದರೆ ಸಹಿ ಇಲ್ಲ. ಸುಳ್ಳು ಬರೆದರೆ, ಆ ದಾಳಿಗೆ ಹೋಗಿಬಂದ ಹಿರಿಯರೇ ಎದುರಿಗೆ ಕೂತಿರುತ್ತಾರೆ! ಎದ್ದು ನಿಂತು 'ಏನಯ್ಯಾ ಇದು' ಎಂದರೆ? ಅವನು ಓಡಿಹೋಗಿ ಸಾಹೇಬರಿಗೆ ವಿಷಯ ಅರಿಕೆ ಮಾಡಿದ.

"ಮೋಡವಾ?" ಸಾಹೇಬರು ಹುಬ್ಬೇರಿಸಿದರು. "ನಮ್ಮ ಚರಿತ್ರೆಯಲ್ಲಿ ಮೋಡ ಗೀಡ ಏನೂ ಬೇಡ. ಇರೋ ಮೋಡಾನೂ ತೆಗೀರಿ."

"ಆದ್ರೆ ಆ ಹಿರಿಯರು ಏನಾದ್ರೂ..."

"ತಾನು ಗೆದ್ದೆ ಅಂತ ನಾಲ್ಕು ಜನ ಹೇಳುವಾಗ, ಇಲ್ಲ ಇಲ್ಲ ಸೋತೆ ಅನ್ನೋ ಮನುಷ್ಯನನ್ನ ನೀವು ನೋಡಿದೀರಾ? ಹೋಗಿ, ಬರೀರಿ."

ಬರೆಯಲು ಕೂತರೆ ಜನ ಬಿಡಬೇಕಲ್ಲ. ಚರಿತ್ರೆ ಬರೆಯುತ್ತಿದ್ದಾನಂತೆ ಎಂಬ ಸುದ್ದಿ ಸೀಮೆಎಣ್ಣೆಯ ವಾಸನೆಯ ಹಾಗೆ ಕೋಣೆ ಕೋಣೆಗೆ ಹಬ್ಬಿತು. ಮೊದಲು ಬಂದವರು ಮೀಸೆ ಮೇಷ್ಟ್ರೇ. ಉಳುಕಿದ ಕೈಯನ್ನು ಎಳೆಮಗುವಿನಂತೆ ಇನ್ನೊಂದು ಕೈಯಲ್ಲಿ ಎತ್ತಿಕೊಂಡಿದ್ದರು.

"ಮೋಡಣ್ಣ, ನಾನು ಎಂಜಿನ್ ಕೆಟ್ಟಾಗ ಗದ್ದೆಯಲ್ಲಿ ಇಳಿಸಿದ್ದು ಬರೆದ್ರಾ?"

"ಮೇಷ್ಟ್ರೇ, ಇದು ದಳದ ಚರಿತ್ರೆ."

"ನಾನೇನು ದಳದ ಹೊರಗಿನವನಾ? ಎದುರಿಗೆ ಒಂದು ಎಮ್ಮೆ ಇತ್ತು ಕಣ್ರೀ. ನಾನು ಅದನ್ನ ನೋಡಿದೆ, ಅದು ನನ್ನ ನೋಡ್ತು. ಇಬ್ಬರಲ್ಲಿ ಒಬ್ಬರು ಸರೀಬೇಕು."

"ಯಾರು ಸರಿದಿದ್ದು?"

"ಎಮ್ಮೆ! ಅದನ್ನೇ ಬರೀರಿ ಅಂತಿರೋದು."

ಅವರು ಹೋದರೆ ಅಡುಗೆಯವರು ಬಂದರು. ಹಾರುವವರು ಹೊಟ್ಟೆಗಿಲ್ಲದೆ ಹಾರುವುದಿಲ್ಲ ಎಂಬ ಸಾಲು ಎಲ್ಲಾದರೂ ಬರಬೇಕಂತೆ. ಅವರ ಬೆನ್ನಿಗೆ ಬೋರ್ಡು ಬರೆಯುವ ಪೇಂಟರು, ಬಣ್ಣದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ.

"ಅಣ್ಣಾ, ಕಂಬದ ಕೆಳಗಿನ ಹಲಗೆಗೆ ಒಂದು ಸಾಲು ಕೊಡಿ. ಉದ್ದ ಬೇಡ, ಜಾಗ ಇಲ್ಲ."

"ಇನ್ನೂ ಬರ್ದಿಲ್ಲಪ್ಪ."

"ನಿಮ್ಮ ಬರವಣಿಗೆ ಒಣಗದಿದ್ರೂ ನಡೆಯತ್ತೆ, ನನ್ನ ಬಣ್ಣ ಒಣಗಬೇಕಲ್ಲ. ನಾನೇ ಏನೋ ಒಂದು ಬರೀತೀನಿ ಬಿಡಿ." ಹೋಗಿ ಬರೆದೂ ಬಿಟ್ಟ: 'ಸೇತುವೆಯನ್ನು ಪುಡಿಪುಡಿ ಮಾಡಿದ ವೀರರು ಇವರೇ.' ಕಂಬದ ಮೇಲಿದ್ದವು ಪಾರಿವಾಳಗಳು ಮಾತ್ರ. ಅವು ತಲೆ ವಾರೆ ಮಾಡಿ ಕೆಳಗೆ ನೋಡಿದವು.

ನಡುವೆ ಹೆಂಡತಿಯ ಫೋನು. "ಸಹಿ ಆಯ್ತಾ ರೀ?"

"ಸಾಯಂಕಾಲ ಆಗತ್ತೆ. ಒಂದು ಚರಿತ್ರೆ ಬರೀಬೇಕು."

"ಇಷ್ಟು ದಿನ ಇಲ್ಲದ ಚರಿತ್ರೆ ಈಗ ಎಲ್ಲಿಂದ ಬಂತು? ನೋಡಿ, ನಾನು ಮನೆ ಓನರಿಗೆ ದೊಡ್ಡ ಮಂಚಕ್ಕೆ ಜಾಗ ಇದೆಯಾ ಅಂತ ಕೇಳಿ ಆಗಿದೆ. ಇವಳು ಸ್ಕೂಲಲ್ಲಿ ಎಲ್ಲರಿಗೂ ಅಪ್ಪ ಬರ್ತಾರೆ ಅಂತ ಹೇಳ್ಕೊಂಡು ಬಂದಿದ್ದಾಳೆ. ಈ ಸಲ ತಪ್ಪಿದ್ರೆ ಚೆನ್ನಾಗಿರಲ್ಲ."

ಮಧ್ಯಾಹ್ನದ ಹೊತ್ತಿಗೆ ಹೇಗೋ ಚರಿತ್ರೆ ಮುಗಿಯಿತು. ಮೋಡ ತೆಗೆದು, ಕೆರೆ ತೆಗೆದು, ಮೀನು ತೆಗೆದು, ಸೇತುವೆಯನ್ನು ಮಾತ್ರ ಉಳಿಸಿ ಅದನ್ನು ಒಡೆದಿದ್ದ. ಹಾಳೆಗಳನ್ನು ಎದೆಗೆ ಒತ್ತಿಕೊಂಡು, ಸಾಹೇಬರು ಅಲ್ಲಿದ್ದಾರೆಂದು ಕೇಳಿ, ತೋರಿಸಲು ಪಾಠದ ಕೋಣೆಯ ಬಾಗಿಲು ತಳ್ಳಿದ.

ಆ ದಳದಲ್ಲಿ ಒಂದು ಪದ್ಧತಿ ಉಂಟು. ಕಲಿಯುವವರು ಮೊದಲ ಸಲ ಮೇಷ್ಟ್ರಿಲ್ಲದೆ ಒಂಟಿಯಾಗಿ ಹಾರಿ ಇಳಿದ ದಿನ, ಜೊತೆಯವರು ಅವರ ತಲೆಯ ಮೇಲೆ ಒಂದು ಬಕೆಟ್ ನೀರು ಸುರಿಯುತ್ತಾರೆ. ಅಂದು ಒಬ್ಬ ಹುಡುಗಿ ಒಂಟಿಯಾಗಿ ಹಾರಿ ಇಳಿದಿದ್ದಳು. ಜೊತೆಯವರು ಬಾಗಿಲ ಹಿಂದೆ ಕುರ್ಚಿ ಹತ್ತಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಬಾಗಿಲು ತೆರೆಯಿತು. ನೀರು ಬಿತ್ತು. ಚಪ್ಪಾಳೆಯೂ ಬಿತ್ತು. ಆಮೇಲೆ ಚಪ್ಪಾಳೆ ಮೆಲ್ಲಗೆ ನಿಂತಿತು.

ಆಚೆ ಬಾಗಿಲಿನಿಂದ ಆ ಹುಡುಗಿ ಒಣ ಬಟ್ಟೆಯಲ್ಲಿ ಒಳಗೆ ಬಂದು ಕಣ್ಣರಳಿಸಿದಳು. "ಅಯ್ಯೋ ಸಾರ್! ನೀವೂ ಇವತ್ತೇ ಹಾರಿದ್ರಾ?"

ಮೋಡಣ್ಣ ಎದೆಗೊತ್ತಿಕೊಂಡ ಹಾಳೆಗಳಿಂದ ಚರಿತ್ರೆ ನೀಲಿಯಾಗಿ ತೊಟ್ಟಿಕ್ಕುತ್ತಿತ್ತು.

ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ಮೈಗೆ ಅಡುಗೆಯವರ ಅಂಗಿ, ಅದೋ ಅವನಂಥ ಇಬ್ಬರಿಗೆ ಸಾಲುವಂಥದ್ದು. ಬರೆಯುತ್ತ ಬರೆಯುತ್ತ ಅವನಿಗೆ ರೋಸಿಹೋಯಿತು. ಹಾರಿದವರ ಹೆಸರುಂಟು, ಹಾರಿಸಿದವರ ಹೆಸರುಂಟು, ಎಮ್ಮೆಗೂ ಒಂದು ಸಾಲು ಬೇಕಂತೆ. ಹವಾಮಾನದವನು ಮಾತ್ರ ಯಾವ ಚರಿತ್ರೆಯಲ್ಲೂ ಇಲ್ಲ! ಬಿಸಿಲು ಬಂದರೆ ದೇವರ ದಯೆ, ಮಳೆ ಬಂದರೆ ಹವಾಮಾನದವನ ತಪ್ಪು. ಹೇಗೂ ಸುಳ್ಳೇ ಬರೆಯುವುದಾದರೆ ನಮ್ಮವನದ್ದೂ ಒಂದಿರಲಿ ಎಂದುಕೊಂಡು, ಯಾರನ್ನೂ ಕೇಳದೆ ಒಂದು ತುಣುಕನ್ನು ಒಳಗೆ ಸೇರಿಸಿದ. ಬರೆದ ಮೇಲೆ ಅಂದಿನ ದಿನದಲ್ಲಿ ಮೊದಲ ಬಾರಿಗೆ ಅವನಿಗೆ ಸಮಾಧಾನವಾಯಿತು. ಸಾಹೇಬರಿಗೆ ತೋರಿಸಲು ಹೊತ್ತೂ ಉಳಿದಿರಲಿಲ್ಲ.

ಸಾಯಂಕಾಲ ಟಾರ್ಪಾಲಿನ ಕೆಳಗೆ ಸಭೆ ತುಂಬಿತು. ಆಕಾಶ ತೊಳೆದ ತಟ್ಟೆಯಂತಿತ್ತು. ಕಾರಿನಿಂದ ಇಳಿದ ಹಿರಿಯರು ಬಹಳ ಮುದುಕರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಸಾಹೇಬರ ತೋಳಿನಲ್ಲಿ. ಅವರು ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದು ನಿವೃತ್ತರಾದವರು, ಸೇತುವೆ ದಾಳಿಯ ವೀರ ಎಂದು ಎಲ್ಲರೂ ಕಾಲುಬೆರಳ ಮೇಲೆ ನಿಂತು ನೋಡಿದರು. ಹಿರಿಯರು ಕಂಬದ ಕೆಳಗಿನ ಹಲಗೆಯನ್ನು ನಿಧಾನವಾಗಿ ಓದಿ ಮುಂದೆ ನಡೆದರು.

ಓದಲು ಅವನನ್ನೇ ಕರೆದರು. ದೊಡ್ಡ ಅಂಗಿಯಲ್ಲಿ ಅವನು ಗಾಳಿಯ ದಿಕ್ಕು ತೋರಿಸುವ ರನ್‌ವೇಯ ಬಟ್ಟೆಚೀಲದಂತೆ ಪಟಪಟಿಸುತ್ತ ನಿಂತ. ದಳ ಹುಟ್ಟಿದ್ದು ಓದಿದ, ಚಪ್ಪಾಳೆ. ದಾಳಿಗೆ ಹೊರಟದ್ದು ಓದಿದ, ಇನ್ನೂ ಜೋರು ಚಪ್ಪಾಳೆ. ಆಮೇಲೆ ಆ ತುಣುಕು ಬಂತು.

"ಆ ಮುಂಜಾನೆ ಎಲ್ಲರೂ ಹಿಂಜರಿದು ನಿಂತಿದ್ದರು. ಆಗ ದಳದ ಹವಾಮಾನದ ನೌಕರನೊಬ್ಬ ಮಾತ್ರ ಆಕಾಶವನ್ನು ನೋಡಿ, 'ಆಕಾಶ ಶುಭ್ರವಾಗಿದೆ, ಧೈರ್ಯವಾಗಿ ಹೊರಡಿ' ಎಂದ. ಅವನ ಮಾತನ್ನು ನಂಬಿ ವಿಮಾನಗಳು ಎದ್ದವು. ಸೇತುವೆಯನ್ನು ಒಡೆದ ಕೈಗಳ ಹೆಸರು ಲೋಕಕ್ಕೆ ಗೊತ್ತು. ದಾರಿ ತೆರೆದ ಆ ಒಂದು ಮಾತಿನ ಒಡೆಯನನ್ನು ಮಾತ್ರ ನಾವು ಮರೆತೆವು."

ಸಾಹೇಬರು ಚುರುಕಾಗಿ ತಿರುಗಿ ನೋಡಿದರು. ಅಷ್ಟರಲ್ಲಿ ಹಿರಿಯರು ಊರುಗೋಲು ಊರಿ ಎದ್ದು ನಿಂತರು. ಮುಗಿಯಿತು ಕಥೆ ಎಂದು ಮೋಡಣ್ಣ ಕಣ್ಣು ಮುಚ್ಚಿ ದೇವರನ್ನು ನೆನೆದ.

"ಮಗೂ," ಎಂದರು ಹಿರಿಯರು. "ಇವರೆಲ್ಲ ನನ್ನನ್ನ ವಿಮಾನ ಹಾರಿಸಿದವನು ಅಂದ್ಕೊಂಡಿದ್ದಾರೆ. ನಾನು ಒಂದು ದಿನವೂ ಹಾರಿದವನಲ್ಲ. ಆ ಹವಾಮಾನದವನು ನಾನೇ. ಇಷ್ಟು ವರ್ಷ ನನ್ನನ್ನ ಒಬ್ಬರೂ ಒಂದು ಒಳ್ಳೇ ಮಾತಿನಲ್ಲಿ ನೆನೆದಿರಲಿಲ್ಲ. ಇವತ್ತು ನೀನು ನೆನೆದೆ." ಅವರ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಸಭೆಯಲ್ಲಿ ಅಡುಗೆಯವರು ಮೊದಲು ಅತ್ತರು, ಆಮೇಲೆ ಉಳಿದವರು. ಸ್ಪ್ಯಾನರಜ್ಜ ಮಾತ್ರ ಮುಖ ತಿರುಗಿಸಿ ಕೆಟಲಿನಿಂದ ಚಹಾ ಬಗ್ಗಿಸತೊಡಗಿದ.

"ಕಮಾಂಡರ್," ಹಿರಿಯರು ತಿರುಗಿದರು, "ಈ ಹುಡುಗ ಏನು ಕೆಲಸ ಮಾಡ್ತಾನೆ?"

"ನಮ್ಮ ಹವಾಮಾನದವರು ಸಾರ್!"

"ಹೌದಾ! ಹವಾಮಾನದವನ ಬೆಲೆ ಬಲ್ಲವನು. ಇಂಥವನನ್ನ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ನನ್ನ ಮಾತಾಗಿ ಇಟ್ಕೊಳ್ಳಿ."

"ಪ್ರಾಣ ಹೋದ್ರೂ ಬಿಡಲ್ಲ ಸಾರ್!" ಎಂದ ಸಾಹೇಬರು, ಭಾವುಕರಾಗಿ ಜೇಬಿನಿಂದ ವರ್ಗಾವಣೆಯ ಅರ್ಜಿ ತೆಗೆದರು. ಸಹಿ ಹಾಕಲೆಂದು ಜೊತೆಗೆ ಪೆನ್ನನ್ನೂ ತಂದಿದ್ದರು ಪಾಪ. ಎಲ್ಲರೆದುರು ಅದನ್ನು ಎರಡು ಮಾಡಿದರು, ನಾಲ್ಕು ಮಾಡಿದರು. ಚಪ್ಪಾಳೆಯೋ ಚಪ್ಪಾಳೆ. ಆ ಚಪ್ಪಾಳೆಯ ನಡುವೆ ಮೋಡಣ್ಣ ಕೈಮುಗಿದು ನಿಂತಿದ್ದ. ಕೃತಜ್ಞತೆ ಎಂದು ಜನ ತಿಳಿದರು.

ಸಾಹೇಬರ ಉತ್ಸಾಹ ಅಲ್ಲಿಗೇ ನಿಲ್ಲಲಿಲ್ಲ. ಇನ್ನೇನು ಕಲಿಯುವವರ ಹಳದಿ ವಿಮಾನಗಳು ಎದ್ದು ಸಭೆಯ ಮೇಲೆ ಹಾರಬೇಕಿತ್ತು. "ಈ ಟಾರ್ಪಾಲು ಯಾಕೆ ಬೇಕು?" ಎಂದು ಗುಡುಗಿದರು. "ನಮ್ಮ ಮೋಡಣ್ಣ ಆಕಾಶ ಶುಭ್ರ ಅಂದಿದ್ದಾರೆ! ಅವರ ಮಾತಿಗಿಂತ ದೊಡ್ಡ ಟಾರ್ಪಾಲು ಯಾವುದಿದೆ? ಬಿಚ್ಚಿ! ಹಿರಿಯರಿಗೆ ಆಕಾಶ ಕಾಣಲಿ!"

"ಸಾರ್, ಅದು ಇರಲಿ ಸಾರ್," ಎಂದ ಮೋಡಣ್ಣ, ಗಾಬರಿಯಿಂದ. ತನ್ನನ್ನು ಯಾರಾದರೂ ನಂಬಿದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

"ನೋಡಿ, ಎಂಥಾ ವಿನಯ!" ಎಂದರು ಮೀಸೆ ಮೇಷ್ಟ್ರು. ಉಳುಕಿದ ಕೈಯಿಂದಲೇ ಹಗ್ಗ ಬಿಚ್ಚಿದರು. ಬರೆಯಲಾಗದ ಕೈ ಗಂಟು ಬಿಚ್ಚುವುದರಲ್ಲಿ ಬಹಳ ಚುರುಕಾಗಿತ್ತು.

ಟಾರ್ಪಾಲು ಸರಿಯಿತು. ಆಕಾಶ ಕಂಡಿತು. ಹ್ಯಾಂಗರಿನ ಹಿಂದಿನಿಂದ, ಯಾರೂ ಕರೆಯದೆ, ಒಂದು ಕರಿಯ ಮೋಡ ತನ್ನ ಮನೆಗೆ ಬರುವಷ್ಟು ಸಲೀಸಾಗಿ ಬಂತು. ಬಂದು ನಿಂತಿತು. ಮಧ್ಯಾಹ್ನ ಹುಡುಗರು ಸುರಿದದ್ದು ಒಂದು ಬಕೆಟ್, ಈಗ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಕುರ್ಚಿಗಳು ಉರುಳಿದವು, ಹಳದಿ ವಿಮಾನಗಳು ನಿಂತಲ್ಲೇ ನಿಂತವು, ಪೇಂಟರನ ಹಲಗೆಯಲ್ಲಿ 'ಪುಡಿಪುಡಿ' ಮಾತ್ರ ಉಳಿದು ಮಿಕ್ಕದ್ದು ಹರಿದುಹೋಯಿತು.

ಮೋಡಣ್ಣ ಹಿರಿಯರನ್ನು ತಬ್ಬಿ ಹಿಡಿದು ಕಂಬದ ಮೇಲಿನ ವಿಮಾನದ ರೆಕ್ಕೆಯ ಕೆಳಗೆ ತಂದು ನಿಲ್ಲಿಸಿದ. "ಕ್ಷಮಿಸಿ ಸಾರ್. ನಾನು ಬೆಳಿಗ್ಗೆ ಆಕಾಶ ಶುಭ್ರ ಅಂತ..."

ಹಿರಿಯರು ಸುತ್ತ ನೋಡಿ ಕಿವಿಯ ಹತ್ತಿರ ಬಾಗಿದರು. "ಬಿಡು ಮಗೂ. ಅವತ್ತು ನಾನೂ ಅದನ್ನೇ ಹೇಳಿದ್ದೆ. ಪಾಪ, ನಂಬಿ ಹೋದ್ರು."

ಮೋಡಣ್ಣ ಅವರ ಮುಖವನ್ನೇ ನೋಡಿದ. "ಆಮೇಲೆ ನಿಮ್ಮನ್ನ ಏನು ಮಾಡಿದ್ರು ಸಾರ್?"

"ಸಿಟ್ಟಿನಲ್ಲಿ ಅವತ್ತೇ ವರ್ಗ ಮಾಡಿದ್ರು. ಮಳೆಯೇ ಬಾರದ ಮರಳುಗಾಡಿಗೆ. ಅಲ್ಲಿ ದಿನಾ 'ಆಕಾಶ ಶುಭ್ರ' ಅಂತ ಬರೀತಿದ್ದೆ. ಒಂದು ದಿನವೂ ತಪ್ಪಲಿಲ್ಲ. ಅದನ್ನ ನೋಡಿಯೇ ನನ್ನನ್ನ ಅಷ್ಟು ಮೇಲಕ್ಕೆ ಏರಿಸಿದ್ರು." ಅವರು ತೃಪ್ತಿಯಿಂದ ನಕ್ಕರು. "ದೇವರು ದೊಡ್ಡವನು."

ಮೋಡಣ್ಣನ ಒದ್ದೆ ಎದೆಯಲ್ಲಿ ಒಂದು ಆಸೆ ಚಿಗುರಿತು. ತಪ್ಪು ಹೇಳಿದ್ದಕ್ಕೆ ಅವತ್ತೇ ವರ್ಗ! ಅವನು ಮಳೆಯಲ್ಲೇ ಓಡಿ, ಟೋಪಿಯಿಂದ ನೀರು ಚೆಲ್ಲುತ್ತಿದ್ದ ಸಾಹೇಬರ ಮುಂದೆ ನಿಂತ.

"ಸಾರ್, ನನ್ನಿಂದ ದೊಡ್ಡ ತಪ್ಪಾಯ್ತು. ದಳದ ಮಾನ ಹೋಯ್ತು. ನನ್ನಂಥವನು ಇಲ್ಲಿ ಇರಬಾರದು ಸಾರ್. ಈ ಕ್ಷಣವೇ ಎಲ್ಲಿಗಾದ್ರೂ ಎತ್ತಿ ಹಾಕಿ."

ಸಾಹೇಬರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಹಲ್ಲು ಕಟಕಟ ಎನ್ನುತ್ತಿತ್ತು, ಚಳಿಗೋ ಸಿಟ್ಟಿಗೋ ತಿಳಿಯಲಿಲ್ಲ.

"ಎಲ್ಲಿಗೆ ಹಾಕೋದು? ಜನ ತುಂಬಿದ ವಿಮಾನ ಹಾರೋ ಊರಿಗಾ? ಆ ಪಾಪ ನನಗೆ ಬೇಡ. ಇದು ಪಾಠಶಾಲೆ ತಾನೇ? ನೀವು ಎಲ್ಲಿಗೂ ಹೋಗೋದು ಬೇಡ. ಇಲ್ಲೇ ಕೂತು ಕಲೀರಿ."

ದೂರದಲ್ಲಿ ಕ್ಯಾಂಟೀನಿನ ಸೂರಿನ ಕೆಳಗೆ ನಿಂತಿದ್ದ ಸ್ಪ್ಯಾನರಜ್ಜ ಆ ಮಾತು ಕೇಳಿ, ಹಳೆಯ ಪರಿಚಯದವರನ್ನು ಕಂಡಂತೆ ತಲೆಯಾಡಿಸಿದ.

ಅಂಗಿಯ ಜೇಬಿನಲ್ಲಿ ಫೋನು ಒದ್ದೆಯಾಗಿ ಗುಂಯ್‌ಗುಟ್ಟಿತು. ಈ ಸಲ ಮಗಳು.

"ಅಪ್ಪಾ, ನಿಮ್ಮನ್ನ ಕರ್ಕೊಂಡು ಬರೋಕೆ ನಾನೂ ಅಮ್ಮಾನೂ ಸ್ಟೇಷನ್ನಿಗೆ ಬರ್ತೀವಿ. ನೀವು ಬರೋ ದಿನ ಇಲ್ಲಿ ಮಳೆ ಬರತ್ತಾ?"

ಮೋಡಣ್ಣ ಮುಖದ ಮೇಲಿನ ನೀರು ಒರೆಸಿಕೊಂಡ. ಕಂಬದ ಮೇಲೆ ಪಾರಿವಾಳಗಳು ಯುದ್ಧವಿಮಾನದ ಮೂಗಿನೊಳಗೆ ಬೆಚ್ಚಗೆ ಕೂತಿದ್ದವು.

"ಇಲ್ಲ ಪುಟ್ಟೀ," ಎಂದ. "ಆಕಾಶ ಶುಭ್ರವಾಗಿರತ್ತೆ."

ಆ ಕಡೆ ಮಗಳು ತಿರುಗಿ ಕೂಗಿದ್ದು ಕೇಳಿಸಿತು: "ಅಮ್ಮಾ, ಅಪ್ಪ ಈ ಸಲಾನೂ ಬರಲ್ಲ!"